ಚಿಮಣಿಯ ಲೆಕ್ಕ ಸರಿಯಿತ್ತು, ಹತ್ತಿ ಮಾತ್ರ ಕಪ್ಪಾಗುತ್ತಿತ್ತು: ಒಂದು ಸ್ಪಾಂಜ್ ಐರನ್ ಘಟಕ ಮತ್ತು ಅದರ ನೆರೆಯೂರಿನ ಪ್ರಕರಣ

ಇದು ಕೊಪ್ಪಳ–ಬಳ್ಳಾರಿ ಸೀಮೆಯ ಪ್ರಕರಣ. ಘಟಕ, ಊರು, ವರ್ಷ ಯಾವುದನ್ನೂ ಹೆಸರಿಸಿಲ್ಲ. ಗುರುತು ಹತ್ತದಂತೆ ಅಂಕಿಗಳನ್ನು ಅಲ್ಲಲ್ಲಿ ಬದಲಿಸಿದೆ, ಒಂದೆರಡು ಕಡೆ ಇಂಥದೇ ಇನ್ನೊಂದು ಘಟಕದ ಸಂಗತಿಯನ್ನೂ ಇದರಲ್ಲಿ ಸೇರಿಸಿದೆ. ಕಾರ್ಖಾನೆಗಳ ಪರಿಸರ ವಿಭಾಗ, ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳಲ್ಲಿ ಇರುವವರಿಗೂ, ಕಾರ್ಖಾನೆಯ ಪಕ್ಕದಲ್ಲೇ ಬೇಸಾಯ ಮಾಡಬೇಕಾದ ಊರುಗಳ ಪಂಚಾಯಿತಿ ಸದಸ್ಯರಿಗೂ, ರೈತ ಸಂಘದವರಿಗೂ ಉಪಯೋಗವಾಗಲೆಂದು ಬರೆದದ್ದು.

ಹಿನ್ನೆಲೆ

ಸ್ಪಾಂಜ್ ಐರನ್ ಎಂದರೆ ಅದಿರನ್ನು ಕರಗಿಸದೆ ಕಲ್ಲಿದ್ದಲಿನ ಜೊತೆ ಕಾಯಿಸಿ ತೆಗೆಯುವ ಕಬ್ಬಿಣ. ಘಟಕದಲ್ಲಿ ದಿನಕ್ಕೆ 100 ಟನ್ ಸಾಮರ್ಥ್ಯದ ಎರಡು ಕಿಲ್ನ್‌ಗಳು, ಅಂದರೆ ತಿರುಗುವ ಕುಲುಮೆಗಳು, ಇವೆ. ಒಂದು ಟನ್ ಸ್ಪಾಂಜ್ ಐರನ್ ತೆಗೆಯಲು ಸುಮಾರು 1.6 ಟನ್ ಅದಿರು, ಒಂದು ಟನ್‌ಗಿಂತ ಹೆಚ್ಚು ಕಲ್ಲಿದ್ದಲು, ಜೊತೆಗೆ ಸ್ವಲ್ಪ ಡಾಲಮೈಟ್ ಬೇಕು. ಕಾಲು ಟನ್‌ಗೂ ಮಿಕ್ಕಿ ಡೋಲೋಚಾರ್, ಅಂದರೆ ಅರ್ಧ ಸುಟ್ಟ ಕರಿ, ಹೊರಗೆ ಬೀಳುತ್ತದೆ. ಹೀಗಾಗಿ ಒಳಬರುವ ಮತ್ತು ಹೊರಹೋಗುವ ಸರಕು ಸೇರಿ ದಿನಕ್ಕೆ ಐವತ್ತರ ಆಸುಪಾಸು ಲಾರಿ ಓಡುತ್ತವೆ. ಘಟಕದೊಳಗೆ ಇನ್ನೂರು ಜನ ಕೆಲಸಕ್ಕಿದ್ದಾರೆ. ಪಕ್ಕದ ಊರಿನವರು ಅರವತ್ತು ಮಂದಿ, ಬಹುಪಾಲು ಗುತ್ತಿಗೆಯಲ್ಲಿ: ಲೋಡಿಂಗ್, ಕಸ ತೆಗೆಯುವುದು, ಗೇಟು ಕಾಯುವುದು.

ಊರು ಘಟಕದಿಂದ ಪಶ್ಚಿಮಕ್ಕೆ ಒಂದೂಕಾಲು ಕಿಲೋಮೀಟರ್. ನಾನೂರು ಮನೆ. ಎರೆಹೊಲದಲ್ಲಿ ಹತ್ತಿ, ಜೋಳ, ಮೆಕ್ಕೆಜೋಳ. ಬೋರ್‌ವೆಲ್ ಇದ್ದವರು ಹಿಪ್ಪುನೇರಳೆ ಹಾಕಿ ರೇಷ್ಮೆ ಸಾಕುತ್ತಾರೆ. ಈ ದಿಕ್ಕನ್ನು ನೆನಪಿಡಬೇಕು. ಮುಂಗಾರಿನಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಧೂಳು ಊರಿನ ಕಡೆ ಬರುವುದಿಲ್ಲ. ನವೆಂಬರ್ ಹೊತ್ತಿಗೆ ಗಾಳಿ ಪೂರ್ವ, ಈಶಾನ್ಯಕ್ಕೆ ತಿರುಗುತ್ತದೆ. ಹತ್ತಿ ಕಾಯಿ ಒಡೆಯುವುದೂ ಆಗಲೇ. ಚಳಿಗಾಲದ ರಾತ್ರಿ ನೆಲಕ್ಕೆ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿರುವುದರಿಂದ ಹೊಗೆ ಮೇಲೇರದೆ ಹೊಲದ ಮೇಲೇ ಹಾಸಿಕೊಳ್ಳುತ್ತದೆ. ಮೇಲೆ ಇಬ್ಬನಿ. ಒಡೆದ ಹತ್ತಿಗೆ ಇಬ್ಬನಿ ಬಿದ್ದು, ಅದರ ಮೇಲೆ ಕರಿಧೂಳು ಕೂತರೆ ಬಿಸಿಲೇರಿದ ಮೇಲೂ ಅದು ಉದುರದು.

ದೂರು ಏನಿತ್ತು, ಉತ್ತರ ಏನು ಬಂತು

ಎರಡು ಹಂಗಾಮು ಸತತವಾಗಿ ದೂರು ಒಂದೇ: "ರಾತ್ರಿ ಹನ್ನೊಂದರ ಮ್ಯಾಲ ಹೊಗಿ ಬಿಡ್ತಾರ್ರೀ. ಮುಂಜಾನೆ ಹತ್ತಿ ಬಿಡಸಾಕ ಹ್ವಾದ್ರ ಕೈಯೆಲ್ಲಾ ಕರ್ರಗಾಗ್ತಾವ." ಎಪಿಎಂಸಿಯಲ್ಲಿ ಕಲೆ ಬಿದ್ದ ಹತ್ತಿಗೆ ಬೆಲೆ ಇಳಿಸುತ್ತಿದ್ದರು. ರೇಷ್ಮೆಯವರ ಕಷ್ಟ ಬೇರೆ. ಧೂಳಿನ ಸೊಪ್ಪನ್ನು ಹುಳ ಸರಿಯಾಗಿ ತಿನ್ನುವುದಿಲ್ಲ. ತೊಳೆದು ಹಾಕೋಣವೆಂದರೆ ಒದ್ದೆ ಸೊಪ್ಪಿನಿಂದ ಹುಳಕ್ಕೆ ಸಪ್ಪೆ ರೋಗ ಬರುವ ಭಯ. ಊರಿನ ನಂಬಿಕೆ ಏನೆಂದರೆ, ಕರೆಂಟ್ ಬಿಲ್ ಉಳಿಸಲು ಘಟಕದವರು ರಾತ್ರಿ ಹೊಗೆ ಸೋಸುವ ಯಂತ್ರವನ್ನು ಬೇಕೆಂದೇ ಬಂದ್ ಮಾಡುತ್ತಾರೆ.

ಘಟಕ ಪ್ರತಿ ಸಲವೂ ಪ್ರಯೋಗಾಲಯದ ತಿಂಗಳ ವರದಿ ತೋರಿಸುತ್ತಿತ್ತು. ಕಲ್ಲಿದ್ದಲು ಬಳಸುವ ಸ್ಪಾಂಜ್ ಐರನ್ ಘಟಕದ ಚಿಮಣಿಗೆ ಧೂಳಿನ ಮಿತಿ ಪ್ರತಿ ಘನ ಮೀಟರ್‌ಗೆ 100 ಮಿಲಿಗ್ರಾಂ. ವರದಿಯಲ್ಲಿ 60, 70 ಇರುತ್ತಿತ್ತು. ಊರಿನ ಶಾಲೆಯ ಮಾಳಿಗೆ ಮೇಲೆ ಅಳೆದ ಪಿಎಂ10 (ಗಾಳಿಯಲ್ಲಿ ತೇಲುವ, 10 ಮೈಕ್ರಾನ್‌ವರೆಗಿನ ಸಣ್ಣ ಧೂಳು) ಕೂಡ 24 ಗಂಟೆಯ ರಾಷ್ಟ್ರೀಯ ಮಿತಿಯಾದ 100 ಮೈಕ್ರೋಗ್ರಾಂನ ಒಳಗೇ ಇತ್ತು. ಗೇಟಿನ ಮುಂದೆ ಚಿಮಣಿಯ ಅಂಕಿ ತೋರಿಸುವ ವಿದ್ಯುತ್ ಫಲಕದಲ್ಲೂ ಸಂಖ್ಯೆ ಹಸಿರು.

ವರದಿಗಳು ಸುಳ್ಳಲ್ಲ. ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ಚಿಮಣಿಯ ಮಾದರಿ ತೆಗೆಯುತ್ತಿದ್ದದ್ದು ಹಗಲು, ಕಿಲ್ನ್ ಹದವಾಗಿ ಓಡುತ್ತಿರುವಾಗ. ಪಿಎಂ10 ಯಂತ್ರ 24 ಗಂಟೆಯ ಸರಾಸರಿ ಕೊಡುತ್ತದೆ. ನಡುರಾತ್ರಿಯ ನಲವತ್ತು ನಿಮಿಷದ ದಟ್ಟ ಹೊಗೆ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಹತ್ತಿಯ ಮೇಲೆ ಬೀಳುವ ದಪ್ಪ ಕಣಗಳಂತೂ ಪಿಎಂ10ರ ಲೆಕ್ಕಕ್ಕೇ ಸೇರುವುದಿಲ್ಲ, ಅವು 10 ಮೈಕ್ರಾನ್‌ಗಿಂತ ದೊಡ್ಡವು. ಊರಿನವರು ಕೇಳಿದ್ದು ರಾತ್ರಿ ಹೊಲದ ಮೇಲೆ ಏನು ಬೀಳುತ್ತಿದೆ ಎಂದು. ಘಟಕ ಉತ್ತರಿಸುತ್ತಿದ್ದದ್ದು ಹಗಲು ಚಿಮಣಿಯಲ್ಲಿ ಏನು ಹೋಗುತ್ತಿದೆ ಎಂದು.

ಮೊದಲು ಮಾಡಿದ್ದು: ಕೊಡುಗೆ

ದೂರು ಜೋರಾದಾಗ ಘಟಕ ಸಿಎಸ್‌ಆರ್ ಕಡೆಗೆ ತಿರುಗಿತು. ಶುದ್ಧ ನೀರಿನ ಘಟಕ, ಶಾಲಾ ಮಕ್ಕಳಿಗೆ ಬ್ಯಾಗು, ಒಂದು ದಿನದ ಆರೋಗ್ಯ ಶಿಬಿರ, ಜಾತ್ರೆಗೆ ದೇಣಿಗೆ. ನೀರಿನ ಘಟಕ ನಿಜಕ್ಕೂ ಉಪಯೋಗಕ್ಕೆ ಬಂತು, ಇಂದಿಗೂ ನಡೆಯುತ್ತಿದೆ. ಆದರೆ ಹತ್ತಿಯ ದೂರು ಒಂದಿಷ್ಟೂ ಇಳಿಯಲಿಲ್ಲ. "ನೀರು ಕೊಟ್ಟು ಬಾಯಿ ಮುಚ್ಚಸಾಕ ಬಂದಾರ" ಎಂಬ ಮಾತು ಹುಟ್ಟಿತು. ಜಾತ್ರೆಯ ದೇಣಿಗೆ ಹೋದದ್ದು ಘಟಕದಲ್ಲಿ ಲೋಡರ್ ಗುತ್ತಿಗೆ ಹಿಡಿದಿದ್ದ ಒಬ್ಬ ಮುಖಂಡರ ಕೈಯಿಂದ. ಆರೋಗ್ಯ ಶಿಬಿರದಲ್ಲಿ ಕೆಮ್ಮು ಎಂದವರಿಗೆ ಗುಳಿಗೆ ಕೊಟ್ಟು ಕಳಿಸಿದರು. ಎಷ್ಟು ಜನರಿಗೆ ಏನು ತೊಂದರೆ ಕಂಡಿತು ಎಂಬ ಒಂದು ಹಾಳೆಯನ್ನೂ ಊರಿಗೆ ಕೊಡಲಿಲ್ಲ. ವರದಿ ಕೊಡಲು ಮನಸ್ಸಿಲ್ಲದಿದ್ದರೆ ಇಂಥ ಶಿಬಿರ ಮಾಡದಿರುವುದೇ ಲೇಸು, ಅನುಮಾನ ಇಮ್ಮಡಿಯಾಗುತ್ತದೆ.

ಕಾನೂನಿನ ಪ್ರಕಾರವೂ ಇವೆರಡು ಬೇರೆ ಬೇರೆ ಖಾತೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು ನಿಗದಿತ ಗಾತ್ರದ ಕಂಪನಿಗಳಿಗೆ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ಖರ್ಚು ಮಾಡಲು ಹೇಳುತ್ತದೆ. ಆದರೆ ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಅದರಲ್ಲಿ ತೋರಿಸುವಂತಿಲ್ಲ. ಹೊಗೆ ಸೋಸುವ ಯಂತ್ರದ ರಿಪೇರಿ ಉತ್ಪಾದನೆಯ ಖರ್ಚು. ಶಾಲೆಯ ಬ್ಯಾಗು ಸಿಎಸ್‌ಆರ್. ಇವೆರಡನ್ನೂ ಒಬ್ಬರೇ ಅಧಿಕಾರಿ, ಒಂದೇ ಸಭೆಯಲ್ಲಿ ಮಾತಾಡಿದರೆ ಊರಿಗೆ ಅದು ವ್ಯಾಪಾರದಂತೆ ಕಾಣುತ್ತದೆ. ಇಲ್ಲಿ ಆದದ್ದು ಹಾಗೇ.

ಸಮಿತಿಯೊಂದನ್ನೂ ಮಾಡಿದರು. ಒಂಬತ್ತು ಸದಸ್ಯರಲ್ಲಿ ಐವರು ಘಟಕಕ್ಕೆ ಲಾರಿ, ಟ್ರ್ಯಾಕ್ಟರ್, ಕೂಲಿಯಾಳು ಒದಗಿಸುವವರು. ಸಭೆಯಲ್ಲಿ ಲಾರಿ ಬಾಡಿಗೆಯ ಚರ್ಚೆ ಆಯಿತೇ ಹೊರತು ಹತ್ತಿಯ ಮಾತು ಬರಲಿಲ್ಲ. ಡೋಲೋಚಾರ್ ರಾಶಿಗೆ ಅತಿ ಹತ್ತಿರ ಇದ್ದದ್ದು ದಲಿತ ಕೇರಿ. ಅಲ್ಲಿನ ಒಬ್ಬರೂ ಸಮಿತಿಯಲ್ಲಿರಲಿಲ್ಲ, ಹೆಂಗಸರೂ ಇರಲಿಲ್ಲ. ಹತ್ತಿ ಬಿಡಿಸುವ ಕೆಲಸ ಮಾತ್ರ ಹೆಚ್ಚಾಗಿ ಹೆಂಗಸರದು.

ಮೂರನೇ ಹಂಗಾಮಿನ ಶುರುವಿಗೆ ರೈತರು ಲಾರಿ ತಡೆದರು. ತಹಶೀಲ್ದಾರರು, ಪಿಎಸ್‌ಐ ಬಂದು ರಾಜಿ ಮಾಡಿಸಿದರು. "ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಎಂದು ಘಟಕ ಬರೆದುಕೊಟ್ಟಿತು. ಏನು ಆಗದಂತೆ, ಯಾರು, ಹೇಗೆ ನೋಡಿಕೊಳ್ಳುವುದು ಎಂಬುದು ಆ ಕಾಗದದಲ್ಲಿ ಇರಲಿಲ್ಲ. ಇದೇ ಹೊತ್ತಿಗೆ ಘಟಕ ಮೂರನೇ ಕಿಲ್ನ್‌ಗೆ ಅರ್ಜಿ ಹಾಕಿತ್ತು. ಅದಕ್ಕೆ ಪರಿಸರ ಅನುಮತಿ ಬೇಕು, ಅನುಮತಿಗೆ ಮುನ್ನ ಸಾರ್ವಜನಿಕ ಆಲಿಕೆ, ಅಂದರೆ ಜನರ ಅಹವಾಲು ಕೇಳಿ ದಾಖಲಿಸುವ ಸಭೆ.

ವಹಿ, ತಟ್ಟೆ, ಅಯಸ್ಕಾಂತ

ಲಾರಿ ತಡೆದ ಮೇಲೆ ಊರಿನ ಸ್ವಸಹಾಯ ಸಂಘವೊಂದರ ಹೆಂಗಸರು ವಹಿ ಇಟ್ಟರು. ಸಾಲದ ಲೆಕ್ಕ ಬರೆಯುವ ಅದೇ ಉದ್ದನೆಯ ವಹಿ. ಹೊಗೆ ಕಂಡ ದಿನ, ಶುರುವಾದ ಹೊತ್ತು, ನಿಂತ ಹೊತ್ತು, ಬಣ್ಣ, ಚಿಮಣಿಯಿಂದಲೋ ಪಕ್ಕದ ಗಿಡ್ಡ ಕೊಳವೆಯಿಂದಲೋ ಎಂಬುದು. ಈ ಕೊನೆಯ ಕಾಲಮ್ಮು ಪ್ರಕರಣದ ದಾರಿಯನ್ನೇ ಬದಲಿಸಿತು. ಆ ಗಿಡ್ಡ ಕೊಳವೆಯ ಬಗ್ಗೆ ಅದುವರೆಗೆ ಯಾವ ಸಭೆಯಲ್ಲೂ ಮಾತು ಬಂದಿರಲಿಲ್ಲ.

ಘಟಕಕ್ಕೆ ಹೊಸದಾಗಿ ಬಂದಿದ್ದ ಮುಖ್ಯಸ್ಥರು ಈ ವಹಿಯ ಸುದ್ದಿ ಕೇಳಿ, ಅದನ್ನು ಅಲ್ಲಗಳೆಯುವ ಬದಲು ಒಂದು ಪ್ರಸ್ತಾಪ ಇಟ್ಟರು: ಮೂರು ವಾರ ಇಬ್ಬರೂ ಕೂಡಿ ಧೂಳು ಅಳೆಯೋಣ. ಬೀಳುವ ಧೂಳನ್ನು ಅಳೆಯಲು ಭಾರತೀಯ ಮಾನಕ 5182ರ ಮೊದಲ ಭಾಗದಲ್ಲಿ ಪದ್ಧತಿ ಇದೆ, ಆದರೆ ಅದು ಜಾಡಿ ಇಟ್ಟು ದೀರ್ಘ ಅವಧಿಯ ಒಟ್ಟು ಮೊತ್ತ ತೆಗೆಯುವಂಥದ್ದು. ಇಲ್ಲಿ ಬೇಕಿದ್ದದ್ದು ರಾತ್ರಿ ಮತ್ತು ಹಗಲಿನ ವ್ಯತ್ಯಾಸ. ಆದ್ದರಿಂದ ಎಂಟು ಜಾಗದಲ್ಲಿ ಕಂಬ ನೆಟ್ಟು, ಆಳೆತ್ತರದಲ್ಲಿ ಬಿಳಿ ತಟ್ಟೆ ಕಟ್ಟಿ, ತೆಳ್ಳಗೆ ವ್ಯಾಸಲೀನ್ ಸವರಿದರು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಒಂದು ತಟ್ಟೆ, ಹಗಲಿಗೆ ಇನ್ನೊಂದು. ತಟ್ಟೆ ಬದಲಿಸುವಾಗ ಊರಿನವರೊಬ್ಬರು, ಘಟಕದವರೊಬ್ಬರು ಇಬ್ಬರೂ ಇರಬೇಕು, ಹಿಂದೆ ಇಬ್ಬರ ಸಹಿ ಬೀಳಬೇಕು. ರಸ್ತೆಯಿಂದ ಕನಿಷ್ಠ ಐವತ್ತು ಮೀಟರ್ ದೂರ ಎಂದು ನಿಯಮ ಮಾಡಿದರು. ಒಂದು ಕಂಬವನ್ನು ಮಾತ್ರ ಬೇಕೆಂದೇ ರಸ್ತೆ ಪಕ್ಕ ಇಟ್ಟರು, ಲಾರಿ ಧೂಳು ಹೇಗಿರುತ್ತದೆ ಎಂದು ಗೊತ್ತಾಗಲು.

ಬಣ್ಣವೇ ಅರ್ಧ ಉತ್ತರ ಹೇಳಿತು. ಕೆಂಪು ಧೂಳು ಅದಿರಿನದು, ಅದು ರಸ್ತೆ ಮತ್ತು ಅದಿರಿನ ಯಾರ್ಡ್ ಹತ್ತಿರದ ತಟ್ಟೆಗಳಲ್ಲಿತ್ತು. ಹೊಲದ ತಟ್ಟೆಗಳಲ್ಲಿ ಕಪ್ಪು. ಕಪ್ಪಿನಲ್ಲೂ ಎರಡು ಬಗೆ. ಹಳೇ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ ಧೂಳಿನ ಮೇಲೆ ಆಡಿಸಿದರೆ, ಕೆಲವು ಕಣ ತಟಕ್ಕನೆ ಎದ್ದು ಅಂಟುತ್ತವೆ. ಅವು ಸ್ಪಾಂಜ್ ಐರನ್ನಿನ ಪುಡಿ, ಉತ್ಪನ್ನ ಜರಡಿ ಹಿಡಿಯುವ ಕಡೆಯಿಂದ ಹಾರಿದವು. ಅಂಟದೆ ಉಳಿಯುವ ಹಗುರ ಕಪ್ಪು ಕಲ್ಲಿದ್ದಲು, ಡೋಲೋಚಾರ್, ಹೊಗೆಬೂದಿ. ಈ ಪರೀಕ್ಷೆಗೆ ಮಿತಿ ಇದೆ: ಅದಿರಿನ ಹೆಮಟೈಟ್ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ, ಮಣ್ಣಿನಲ್ಲೂ ಅಂಟುವ ಕಣ ಒಂದಿಷ್ಟು ಇರುತ್ತವೆ. ನ್ಯಾಯಾಲಯಕ್ಕೆ ಇದು ಸಾಲದು. ಆದರೆ ಯಾವ ಯಂತ್ರದ ಕಡೆ ನೋಡಬೇಕೆಂದು ತಿಳಿಯಲು ಸಾಕಾಯಿತು. ರಾತ್ರಿಯ ಹೊಲದ ತಟ್ಟೆಗಳಲ್ಲಿ ಹೆಚ್ಚು ಪಾಲು ಅಂಟದ ಹಗುರ ಕಪ್ಪು. ಅಂದರೆ ಹೊಗೆಯ ದಾರಿಯಲ್ಲೇ ಎಲ್ಲೋ ದೋಷವಿದೆ.

ಲಾಗ್ ಪುಸ್ತಕ ತೋರಿಸುವ ತೀರ್ಮಾನ

ವಹಿಯಲ್ಲಿ ಮೂರು ವಾರಕ್ಕೆ ಹದಿನಾಲ್ಕು ನಮೂದುಗಳಿದ್ದವು. ಅವನ್ನು ಘಟಕದ ಕಂಟ್ರೋಲ್ ರೂಮಿನ ಲಾಗ್ ಪುಸ್ತಕಗಳ ಜೊತೆ ಹೋಲಿಸಬೇಕು ಎಂದು ಊರಿನವರು ಕೇಳಿದರು. ಘಟಕದೊಳಗೆ ಇದಕ್ಕೆ ಬಲವಾದ ವಿರೋಧ ಬಂತು. ಕಾನೂನು ಸಲಹೆಗಾರರ ವಾದ: ಆಲಿಕೆ ಹತ್ತಿರದಲ್ಲಿದೆ, ಈ ಪುಟಗಳೇ ನಾಳೆ ನಮ್ಮ ವಿರುದ್ಧ ಸಾಕ್ಷಿಯಾಗುತ್ತವೆ. ಉತ್ಪಾದನಾ ವಿಭಾಗದವರ ಅಳುಕು: ಶಿಫ್ಟ್‌ನವರು ಇನ್ನು ಮುಂದೆ ಲಾಗ್ ಅನ್ನು ನಿಜವಾಗಿ ಬರೆಯುವುದನ್ನೇ ಬಿಡುತ್ತಾರೆ. ಎರಡೂ ತೂಕದ ಮಾತುಗಳೇ. ಮುಖ್ಯಸ್ಥರು ಕಂಡುಕೊಂಡ ನಡುದಾರಿ ಹೀಗಿತ್ತು. ಪುಸ್ತಕದ ಪ್ರತಿ ಕೊಡುವುದಿಲ್ಲ, ಆದರೆ ಕೂಡಿ ಕೂತು ಓದುತ್ತೇವೆ. ಹದಿನಾಲ್ಕೂ ನಮೂದಿಗೆ ಏನು ಸಿಕ್ಕಿತು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುತ್ತೇವೆ. ನಿಜ ಬರೆದ ಯಾವ ಆಪರೇಟರ್ ಮೇಲೂ ಕ್ರಮ ಇಲ್ಲ, ಬರೆಯದೆ ಬಿಟ್ಟವರ ಮೇಲೆ ಇದೆ. ಕೊನೆಯ ಮಾತನ್ನು ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಎಲ್ಲರ ಮುಂದೆ ಓದಿ ಹೇಳಿದರು.

ಓದಿದಾಗ ಕಂಡದ್ದು ಅರ್ಥವಾಗಲು ಹೊಗೆಯ ದಾರಿ ಗೊತ್ತಿರಬೇಕು. ಕಿಲ್ನ್‌ನಿಂದ ಹೊರಡುವ ಸುಮಾರು 900ರಿಂದ 1000 ಡಿಗ್ರಿ ಬಿಸಿಯ ಅನಿಲ ಮೊದಲು ದಪ್ಪ ಧೂಳು ಇಳಿಯುವ ಕೋಣೆಗೆ, ಅಲ್ಲಿಂದ ಉಳಿದ ಇಂಗಾಲ ಸುಡುವ ಕೋಣೆಗೆ ಹೋಗುತ್ತದೆ. ಮುಂದೆ ನೀರು ಸಿಂಪಡಿಸಿ ತಣಿಸುವ ಗೋಪುರ, ಆಮೇಲೆ ಇಎಸ್‌ಪಿ, ಹೊಗೆಯನ್ನು ಎಳೆಯುವ ಐಡಿ ಫ್ಯಾನ್, ಕೊನೆಗೆ ಚಿಮಣಿ. ಇಎಸ್‌ಪಿ ಎಂದರೆ ಹೆಚ್ಚಿನ ವೋಲ್ಟೇಜಿನಲ್ಲಿ ಧೂಳಿಗೆ ವಿದ್ಯುದಂಶ ಕೊಟ್ಟು ತಗಡುಗಳಿಗೆ ಅಂಟಿಸಿಕೊಂಡು, ಬಡಿದು ಕೆಳಗಿನ ಹಾಪರ್‌ಗೆ (ಬೂದಿ ತುಂಬುವ ತೊಟ್ಟಿಗೆ) ಬೀಳಿಸುವ ಯಂತ್ರ. ಊರಿನವರು ಹೇಳುವ ಹೊಗೆ ಸೋಸುವ ಯಂತ್ರ ಇದೇ. ಇಂಗಾಲ ಸುಡುವ ಕೋಣೆಯ ನೆತ್ತಿಯ ಮೇಲೆ ತುರ್ತು ಮುಚ್ಚಳ ಇರುವ ಗಿಡ್ಡ ಕೊಳವೆ ಇದೆ, ಅದೇ ಸ್ಟ್ಯಾಕ್ ಕ್ಯಾಪ್. ಕರೆಂಟ್ ಹೋಗಿ ಐಡಿ ಫ್ಯಾನ್ ನಿಂತರೆ ಒಳಗೆ ಒತ್ತಡ ಏರಿ ಅಪಾಯವಾಗಬಾರದೆಂದು ಆ ಮುಚ್ಚಳ ತೆರೆಯುತ್ತದೆ. ಆಗ ಹೊಗೆ ಇಎಸ್‌ಪಿಗೆ ಹೋಗದೆ ನೇರ ಆಕಾಶಕ್ಕೆ. ಚಿಮಣಿಯಲ್ಲಿ ಕೂರಿಸಿದ ಆನ್‌ಲೈನ್ ಮಾಪಕಕ್ಕೆ ಇದು ಕಾಣುವುದೇ ಇಲ್ಲ. ಕ್ಯಾಪ್ ತೆರೆದಾಗ ಚಿಮಣಿಯ ಸಂಖ್ಯೆ ಇನ್ನೂ ಇಳಿಯುತ್ತದೆ.

ಹದಿನಾಲ್ಕರಲ್ಲಿ ಐದು ನಮೂದು ಜೆಸ್ಕಾಂ ಕರೆಂಟ್ ಹೋದ ಹೊತ್ತಿಗೂ ಕ್ಯಾಪ್ ತೆರೆದ ಹೊತ್ತಿಗೂ ಕರಾರುವಾಕ್ಕಾಗಿ ಕೂಡಿದವು. ಆರು ನಮೂದುಗಳ ಹೊತ್ತಿಗೆ ಇಎಸ್‌ಪಿಯ ಮೂರು ಫೀಲ್ಡ್‌ಗಳಲ್ಲಿ (ಒಂದರ ಹಿಂದೊಂದು ಇರುವ ಭಾಗಗಳಲ್ಲಿ) ಎರಡನೆಯದು ಟ್ರಿಪ್ ಆಗಿ ನಿಂತಿತ್ತು. ಇನ್ನು ಮೂರಕ್ಕೆ ಘಟಕದ ಲಾಗ್‌ನಲ್ಲಿ ಏನೂ ಇರಲಿಲ್ಲ. ಆ ರಾತ್ರಿ ಗಾಳಿ ಉತ್ತರದಿಂದ ಇತ್ತು, ಆ ಕಡೆ ಬೇರೊಂದು ಘಟಕ ಇದೆ. ಊರಿನವರು ಈ ಮೂರನ್ನು ತಕರಾರಿಲ್ಲದೆ ಬಿಟ್ಟುಕೊಟ್ಟರು. ಹನ್ನೊಂದು ನಮೂದನ್ನು ಎದುರಿನವರು ಒಪ್ಪಿದ್ದರಿಂದಲೇ ಅದು ಅಷ್ಟು ಸುಲಭವಾಯಿತು.

ಎರಡನೇ ಫೀಲ್ಡ್ ಯಾಕೆ ಟ್ರಿಪ್ ಆಗುತ್ತಿತ್ತು? ಬೇಕೆಂದು ಯಾರೂ ಬಂದ್ ಮಾಡಿರಲಿಲ್ಲ. ಇಎಸ್‌ಪಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇದೆ, ಅದರ ಓದಿನಲ್ಲಿ ಮೊದಲ ಮತ್ತು ಮೂರನೇ ಫೀಲ್ಡ್ ರಾತ್ರಿಯಿಡೀ ಓಡಿದ್ದು ಗೊತ್ತಾಗುತ್ತಿತ್ತು. ಹಾಪರ್‌ನಿಂದ ಬೂದಿ ತೆಗೆಯುವ ಸ್ಕ್ರೂ ಕನ್ವೇಯರ್ ರಾತ್ರಿ ತಂಪಿಗೆ ಬೂದಿ ತೇವ ಹಿಡಿದು ಜಾಮ್ ಆಗುತ್ತಿತ್ತು. ಹಗಲು ಪಾಳಿಯಲ್ಲಿ ಅದನ್ನು ಬಿಡಿಸಲು ಇಬ್ಬರು ಹೆಲ್ಪರ್‌ಗಳಿದ್ದರು, ರಾತ್ರಿ ಪಾಳಿಯಲ್ಲಿ ಗುತ್ತಿಗೆ ಖರ್ಚು ಇಳಿಸಲು ಅವರನ್ನು ತೆಗೆದಿದ್ದರು. ಬೂದಿ ತುಂಬಿ ಮೇಲೇರಿ ಎಲೆಕ್ಟ್ರೋಡ್‌ಗೆ ತಾಗಿದಾಗ ಶಾರ್ಟ್ ಆಗಿ ಫೀಲ್ಡ್ ಬೀಳುತ್ತದೆ. ಬೂದಿ ಎಷ್ಟು ತುಂಬಿದೆ ಎಂದು ಎಚ್ಚರಿಸುವ ಸೆನ್ಸರ್ ಸುಮ್ಮಸುಮ್ಮನೆ ಅರಚುತ್ತದೆಂದು ಯಾರೋ ಅದಕ್ಕೆ ತಂತಿ ಹಾಕಿ ಬೈಪಾಸ್ ಮಾಡಿದ್ದರು. ಆನ್‌ಲೈನ್ ಮಾಪಕದ ಹದಿನೈದು ನಿಮಿಷದ ದಾಖಲೆಯಲ್ಲಿ ಏರಿಕೆ ಇತ್ತು. ಗೇಟಿನ ಫಲಕದಲ್ಲಿ ಬರುತ್ತಿದ್ದದ್ದು ದಿನದ ಸರಾಸರಿ.

ಇಬ್ಬರು ಹೆಲ್ಪರ್‌ಗಳ ಪಗಾರ ಉಳಿಸಲು ಹೋಗಿ ಎರಡು ವರ್ಷದ ಜಗಳ ಕೊಂಡುಕೊಂಡ ಹಾಗಾಗಿತ್ತು. ಆದರೂ ಊರಿನ ಆರೋಪವನ್ನು ಸುಳ್ಳೆಂದು ತಳ್ಳಿಹಾಕುವಂತಿರಲಿಲ್ಲ. ಕಾರಣ ಬೇರೆ, ಹೊಗೆ ನಿಜ.

ಸರಿಪಡಿಸಿದ್ದು, ಮತ್ತೆ ಕೆಟ್ಟಿದ್ದು

ರಾತ್ರಿ ಪಾಳಿಗೆ ಹೆಲ್ಪರ್‌ಗಳು ಮರಳಿದರು, ಹಾಪರ್‌ಗಳನ್ನು ಎರಡು ಗಂಟೆಗೊಮ್ಮೆ ಖಾಲಿ ಮಾಡಿ ಸಹಿ ಹಾಕುವ ಕ್ರಮ ಬಂತು. ಹಾಪರ್‌ಗೆ ಹೀಟರ್, ಹೊಸ ಸೆನ್ಸರ್, ಜೊತೆಗೆ ಒಂದು ಹೆಚ್ಚುವರಿ ರೋಟರಿ ವಾಲ್ವ್ ಸ್ಟೋರ್‌ನಲ್ಲಿ. ಕ್ಯಾಪ್‌ನದು ಹೆಚ್ಚು ಕಷ್ಟದ ಕೆಲಸ. ಇದ್ದ ಡೀಸೆಲ್ ಜನರೇಟರ್ ಕಿಲ್ನ್ ತಿರುಗಿಸಲು ಸಾಕಾಗುತ್ತಿತ್ತು, ಐಡಿ ಫ್ಯಾನ್ ಎಳೆಯಲು ಸಾಲುತ್ತಿರಲಿಲ್ಲ. ದೊಡ್ಡ ಜನರೇಟರ್ ಬರಲು ಐದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮಾಡಿದ್ದು ಇಷ್ಟು: ಕ್ಯಾಪ್ ತೆರೆದ ಕೂಡಲೇ ಅದಿರು ಮತ್ತು ಕಲ್ಲಿದ್ದಲಿನ ಫೀಡ್ ತಾನಾಗಿ ನಿಲ್ಲುವಂತೆ ಇಂಟರ್‌ಲಾಕ್. ಮೊದಲು ಇದು ಆಪರೇಟರನ ಮರ್ಜಿಗೆ ಬಿಟ್ಟಿತ್ತು, ಟನ್ ಲೆಕ್ಕ ತಪ್ಪುತ್ತದೆಂದು ಅವರು ತಡ ಮಾಡುತ್ತಿದ್ದರು.

ಕ್ಯಾಪ್‌ಗೆ ಲಿಮಿಟ್ ಸ್ವಿಚ್ ಕೂರಿಸಿ, ಅದು ತೆರೆದರೆ ಸಮಿತಿಯವರ ಮೊಬೈಲಿಗೆ ಸಂದೇಶ ಹೋಗುವಂತೆ ಮಾಡಿದರು: "ರಾತ್ರಿ 2.10. ಕರೆಂಟ್ ಹೋಗಿ 1ನೇ ಕಿಲ್ನ್ ಕ್ಯಾಪ್ ತೆರೆದಿದೆ." ಮುಚ್ಚಿದಾಗ ಇನ್ನೊಂದು. ಹೊಗೆಗಿಂತ ಮೊದಲು ಕಾರಣ ಕೈಗೆ ಸಿಕ್ಕರೆ ಸಿಟ್ಟಿನ ಬಗೆಯೇ ಬೇರೆ. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಸ್ವಿಚ್ ಧೂಳಿಗೆ ಸಿಕ್ಕಿಕೊಂಡು ಸಂದೇಶ ಹೋಗಲಿಲ್ಲ, ಹೊಗೆ ಮಾತ್ರ ಹೋಯಿತು. ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ಜನ. ಘಟಕದವರು ಸಿಕ್ಕಿಕೊಂಡ ಸ್ವಿಚ್ಚನ್ನು ಬಿಚ್ಚಿ ತಂದು ತೋರಿಸಿದರು. ಅಂದಿನಿಂದ ಪ್ರತಿ ಸೋಮವಾರ ಊರಿನ ಒಬ್ಬರ ಎದುರು ಅದನ್ನು ಕೈಯಿಂದ ಒತ್ತಿ ಸಂದೇಶ ಬರುತ್ತದೆಯೇ ಎಂದು ನೋಡುತ್ತಾರೆ.

ಇನ್ನೊಂದು ತೀರ್ಮಾನ ಖರ್ಚಿಲ್ಲದ್ದು, ಲಾಭ ಮಾತ್ರ ದೊಡ್ಡದು. ಕಿಲ್ನ್ ನಿಲ್ಲಿಸಿ ಒಳಗೋಡೆ ರಿಪೇರಿ ಮಾಡಿ ಮತ್ತೆ ಹೊತ್ತಿಸುವಾಗ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚಿರುತ್ತದೆ. ಇಎಸ್‌ಪಿಯ ಕಿಡಿಗೆ ಅದು ಸ್ಫೋಟಿಸಬಹುದಾದ್ದರಿಂದ ಹದ ಬರುವವರೆಗೆ ಇಎಸ್‌ಪಿ ಹಚ್ಚುವಂತಿಲ್ಲ. ಹೊಗೆ ತಪ್ಪಿಸಲಾಗದ ಹೊತ್ತು ಅದು. ವರ್ಷದ ರಿಪೇರಿಯನ್ನು ಡಿಸೆಂಬರಿನಿಂದ ಏಪ್ರಿಲ್ ಕೊನೆಗೆ, ಹೊಲ ಖಾಲಿಯಿರುವಾಗಿಗೆ, ಸರಿಸಿದರು. ಹೊತ್ತಿಸುವ ದಿನವನ್ನು ಮುಂಚೆಯೇ ಡಂಗುರ ಸಾರಿಸಿ ಹೇಳುತ್ತಾರೆ. ಲಾರಿಗಳಿಗೆ ತಾಡಪತ್ರಿ ಕಡ್ಡಾಯ, ಗೇಟಿನಲ್ಲಿ ಗಾಲಿ ತೊಳೆಯುವ ಗುಂಡಿ, ಶಾಲೆಯ ಹೊತ್ತಿನಲ್ಲಿ ಊರೊಳಗಿನ ರಸ್ತೆ ಬಂದ್.

ಸಮಿತಿಯನ್ನೂ ಹೊಸದಾಗಿ ಮಾಡಿದರು. ಓಣಿಗೊಬ್ಬರು, ಅರ್ಧ ಹೆಂಗಸರು, ದಲಿತ ಕೇರಿಯಿಂದ ಇಬ್ಬರು, ರೇಷ್ಮೆಯವರಿಂದ ಒಬ್ಬರು, ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವರಿಂದ ಒಬ್ಬರು. ಘಟಕದಲ್ಲಿ ಗುತ್ತಿಗೆ ಇರುವವರಿಗೆ ಜಾಗವಿಲ್ಲ. ಅವರ ಬಾಡಿಗೆ ಮಾತಿಗೆ ಬೇರೆ ಸಭೆ. ಇದಕ್ಕೆ ಹಳೇ ಸದಸ್ಯರು ತೀವ್ರ ವಿರೋಧ ಮಾಡಿದರು. ಒಂದು ತಿಂಗಳು ಸಭೆಯೇ ನಡೆಯಲಿಲ್ಲ. ಕೊನೆಗೆ ಗ್ರಾಮಸಭೆಯಲ್ಲಿ ಪಿಡಿಒ ಎದುರು ಹೆಸರು ಓದಿದ ಮೇಲೆಯೇ ಗಟ್ಟಿಯಾಯಿತು.

ಪರಿಹಾರದ ಹಣ

ಆ ಹಂಗಾಮಿನ ಹತ್ತಿಗೆ ಪರಿಹಾರ ಕೊಡುವುದೆಂದಾಯಿತು. ಸೂತ್ರ ಸರಳ: ರೈತರ ಎಪಿಎಂಸಿ ಪಟ್ಟಿಯಲ್ಲಿನ (ಮಾರಾಟದ ಚೀಟಿಯಲ್ಲಿನ) ಬೆಲೆಗೂ ಅದೇ ದಿನದ ಅದೇ ಮಾರುಕಟ್ಟೆಯ ಮಾದರಿ ಬೆಲೆಗೂ (ಹೆಚ್ಚು ಮಾಲು ಮಾರಾಟವಾದ ಬೆಲೆಗೂ) ಇರುವ ವ್ಯತ್ಯಾಸ, ಗುಣಿಸು ಕ್ವಿಂಟಲ್. ಕಪ್ಪು ತಟ್ಟೆ ಸಿಕ್ಕ ಹೊಲಗಳ ಪಟ್ಟೆಗೆ ಮಾತ್ರ. ಬೇರೆಯವರ ಹತ್ತಿ ನುಸುಳದಂತೆ ಎಕರೆಗೆ ಹೆಚ್ಚೆಂದರೆ 8 ಕ್ವಿಂಟಲ್. ತೇವ ಹೆಚ್ಚಾಗಿಯೋ ಕಾಯಿ ಕೊಳೆತೋ ಬೆಲೆ ಬಿದ್ದದ್ದಾದರೆ? ಅದಕ್ಕೆ ರೈತ ಸಂಪರ್ಕ ಕೇಂದ್ರದ ಅಧಿಕಾರಿ, ರೈತ, ಘಟಕದವರು ಮೂವರೂ ಮಾಡುವ ಜಂಟಿ ಪಂಚನಾಮೆ. ಬಿಡಿಸುವ ಮುಂಚೆ ಹೊಲದಲ್ಲೇ, ಬಿಡಿಸಿದ ಮೇಲೆ ಅಲ್ಲ.

ಮೊದಲ ಕಂತಿನಲ್ಲೇ ಎರಡು ಎಡವಟ್ಟಾದವು. ಹಣ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಯಿತು. ಆದರೆ ಮೂರರಲ್ಲಿ ಒಂದು ಹೊಲದಲ್ಲಿ ಬೆಳೆ ಹಾಕಿದ್ದು ಲಾವಣಿಯವರು. ಅವರು ಬೀಜ, ಗೊಬ್ಬರ, ಕೂಲಿ ಎಲ್ಲ ಹಾಕಿ ಕಲೆ ಹತ್ತಿ ಮಾರಿದ್ದರು. ಪರಿಹಾರ ಪಡೆದ ಜಮೀನುದಾರರಲ್ಲಿ ಕೆಲವರು ಊರಿನಲ್ಲೇ ಇರಲಿಲ್ಲ. ಎರಡನೇ ಕಂತಿನಿಂದ ಎಪಿಎಂಸಿ ಪಟ್ಟಿ ಯಾರ ಹೆಸರಿನಲ್ಲಿದೆಯೋ ಅವರಿಗೆ, ಜೊತೆಗೆ ಅಕ್ಕಪಕ್ಕದ ಹೊಲದ ಇಬ್ಬರ ಸಾಕ್ಷಿ ಸಹಿ. ಲಾವಣಿಯ ಕರಾರು ಕಾಗದ ಕೇಳಲಿಲ್ಲ, ಕೇಳಿದ್ದರೆ ಜಮೀನುದಾರರು ಹೆದರಿ ಮುಂದಿನ ವರ್ಷ ಹೊಲ ಬಿಡಿಸುತ್ತಿದ್ದರು.

ಇನ್ನೊಂದು, ವೋಚರಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಇನ್ನು ಮುಂದೆ ಯಾವುದೇ ತಕರಾರು ಇರುವುದಿಲ್ಲ" ಎಂಬ ಸಾಲು. ಲೆಕ್ಕ ವಿಭಾಗದವರು ಹಳೇ ನಮೂನೆಯನ್ನೇ ಎತ್ತಿಕೊಂಡಿದ್ದರು. ಹಣ ಕೈಗೆ ಬರುವ ಹೊತ್ತಿಗೆ ಅರ್ಧ ಜನ ಸಹಿ ಹಾಕದೆ ಎದ್ದು ಹೋದರು. "ಈ ಹಂಗಾಮಿನ ಹತ್ತಿಗೆ ಮಾತ್ರ" ಎಂದು ತಿದ್ದಿದ ಮೇಲೆ ಬಂದರು. ಪರಿಹಾರದ ಕಾಗದವನ್ನು ಊರಿಗೆ ತರುವ ಮೊದಲು ಸಮಿತಿಯ ಇಬ್ಬರಿಗೆ ಓದಿ ಹೇಳಿಸುವುದು ಅರ್ಧ ಗಂಟೆಯ ಕೆಲಸ. ಬಿಟ್ಟರೆ ತಿಂಗಳುಗಟ್ಟಲೆಯ ನಂಬಿಕೆ ಒಂದೇ ಸಾಲಿಗೆ ಹೋಗುತ್ತದೆ.

ಆಲಿಕೆ

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಆಲಿಕೆಗೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಬರಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರು ಅಧ್ಯಕ್ಷತೆ ವಹಿಸಬೇಕು, ಇಡೀ ಸಭೆಯ ವಿಡಿಯೋ ಆಗಬೇಕು. ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ. ಅಲ್ಲಿ ಮತ ಹಾಕುವುದಿಲ್ಲ, ಮಾತು ದಾಖಲಾಗುತ್ತದೆ. ಹೀಗಾಗಿ ಎಷ್ಟು ಜನ ಕೂಗಿದರು ಎಂಬುದಕ್ಕಿಂತ ನಡಾವಳಿಯಲ್ಲಿ ಏನು ಬರೆದಿದೆ ಎಂಬುದೇ ಮುಂದೆ ಅನುಮತಿಯ ಷರತ್ತಾಗಿ ಬರುವ ಸಾಧ್ಯತೆ ಹೆಚ್ಚು. ಸಂಘದ ಹೆಂಗಸರು ವಹಿಯ ಪ್ರತಿ ಮತ್ತು ಹದಿನಾಲ್ಕು ನಮೂದಿನ ಸಹಿ ಹಾಳೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆದರು. ಸಲಹೆಗಾರರು ಹೆದರಿದ್ದು ಇದಕ್ಕೇ. ಆದರೆ ಅದೇ ಹಾಳೆಯಲ್ಲಿ ಘಟಕ ಮಾಡಿದ ರಿಪೇರಿಯೂ ದಿನಾಂಕ ಸಮೇತ ಇತ್ತು. ಹೆಚ್ಚಿನವರ ಮಾತು "ಇರೋ ಎರಡನ್ನ ಒಂದು ಹತ್ತಿ ಹಂಗಾಮು ಸರಿ ನಡಿಸಿ ತೋರಸ್ರಿ, ಆಮ್ಯಾಲ ಮೂರನೇದ್ದು" ಎಂದಿತ್ತು. ಕೆಲವರು ಮೂರನೆಯದು ಬೇಡವೇ ಬೇಡ ಎಂದರು, ಅದೂ ದಾಖಲಾಯಿತು. ಘಟಕ ವಿಸ್ತರಣೆಯನ್ನು ತಾನಾಗಿ ಒಂದು ವರ್ಷ ಮುಂದಕ್ಕೆ ಹಾಕಿತು.

ಮುಂದಿನ ಹಂಗಾಮಿನಲ್ಲಿ ತಟ್ಟೆಗಳನ್ನು ಅದೇ ಕಂಬಗಳಿಗೆ ಕಟ್ಟಿದರು. ಹೊಲದ ರಾತ್ರಿ ತಟ್ಟೆಗಳ ಕಪ್ಪು ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಮಂಜಿನ ಎರಡು ರಾತ್ರಿ ಕ್ಯಾಪ್ ತೆರೆದಾಗ ಮಾತ್ರ ಮತ್ತೆ ಬಿತ್ತು. ಪರಿಹಾರ ಕೇಳಿದ ಹೊಲಗಳು ಬೆರಳೆಣಿಕೆಗೆ ಬಂದವು.

ಗಾಳಿ ತಿರುಗಿದಾಗ

ಜೂನ್‌ನಲ್ಲಿ ಘಟಕದ ಪೂರ್ವಕ್ಕಿರುವ ಇನ್ನೊಂದು ಊರಿನಿಂದ ದೂರು ಬಂತು. ಮುಂಗಾರಿನ ಗಾಳಿ ಆ ಕಡೆಗೆ ಬೀಸುತ್ತದೆ. ಅಲ್ಲಿನವರಿಗೆ ಸಮಿತಿಯೂ ಇಲ್ಲ, ಸಂದೇಶವೂ ಇಲ್ಲ, ತಟ್ಟೆಯೂ ಇಲ್ಲ; ಜೋರಾಗಿ ಕೂಗಿದ ಊರಿನ ಜೊತೆ ಮಾತ್ರ ಘಟಕ ಮಾತಾಡಿತ್ತು. ಕೆಲಸ ಶುರು ಮಾಡುವ ದಿನವೇ ಹವಾಮಾನ ಇಲಾಖೆಯ ಗಾಳಿಯ ದಿಕ್ಕಿನ ಪಟ್ಟಿ ಮುಂದಿಟ್ಟುಕೊಂಡು ತಿಂಗಳುವಾರು ಯಾವ ಊರು ಗಾಳಿಗೆ ಸಿಗುತ್ತದೆ ಎಂದು ಗುರುತಿಸಿದ್ದರೆ ಈ ಕೊರತೆ ತಪ್ಪುತ್ತಿತ್ತು. ಅಲ್ಲಿ ಬಿತ್ತುವ ಬೆಳೆ ಬೇರೆ, ಮಳೆಗೆ ಧೂಳು ತೊಳೆದುಹೋಗುವುದರಿಂದ ತಟ್ಟೆಯೂ ಆಗಿಬರುವುದಿಲ್ಲ, ಜಾಡಿಯೇ ಬೇಕು. ನಾಲ್ಕು ಜಾಡಿ ಇಟ್ಟಿದ್ದಾರೆ. ಆ ಊರಿನ ಇಬ್ಬರನ್ನು ಸಮಿತಿಗೆ ಸೇರಿಸುವ ಮಾತು ಮೊದಲ ಊರಿನವರ ಒಪ್ಪಿಗೆಗೆ ಕಾಯುತ್ತಿದೆ, ಯಾಕೆಂದರೆ ಕೆಲಸದಲ್ಲಿ ಸ್ಥಳೀಯರಿಗೆ ಪಾಲು ಎಂಬ ಹಳೇ ಜಗಳ ಎರಡೂರಿನ ನಡುವೆ ಇದೆ.

ಉಸಿರಾಟದ ತೊಂದರೆಯ ಪ್ರಶ್ನೆಯೂ ಬಗೆಹರಿದಿಲ್ಲ. ಹತ್ತಿಗೆ ಎಪಿಎಂಸಿ ಪಟ್ಟಿ ಇದೆ, ಕೆಮ್ಮಿಗೆ ಅಂಥ ಪಟ್ಟಿ ಇಲ್ಲ. ದಲಿತ ಕೇರಿಯವರು ಕೇಳುತ್ತಿರುವುದು ಮೂರು: ಡೋಲೋಚಾರ್ ರಾಶಿಯನ್ನು ಕೇರಿಯಿಂದ ದೂರದ ಮೂಲೆಗೆ ಸರಿಸಿ ಮೇಲೆ ಚಾವಣಿ ಹಾಕಬೇಕು, ಘಟಕದ ಹಣದಲ್ಲಾದರೂ ಘಟಕದವರಲ್ಲದ ವೈದ್ಯರಿಂದ, ಆಶಾ ಕಾರ್ಯಕರ್ತೆಯರ ಜೊತೆ, ವರ್ಷಕ್ಕೆರಡು ಸಲ ಶ್ವಾಸಕೋಶ ತಪಾಸಣೆ ಆಗಬೇಕು, ಒಟ್ಟು ಫಲಿತಾಂಶವನ್ನು ಹೆಸರಿಲ್ಲದೆ ಗ್ರಾಮಸಭೆಯಲ್ಲಿ ಓದಬೇಕು. ಮೊದಲನೆಯದಕ್ಕೆ ಘಟಕ ಒಪ್ಪಿ ಜಾಗ ಗುರುತು ಮಾಡಿದೆ. ಉಳಿದೆರಡಕ್ಕೆ ಇನ್ನೂ ಲಿಖಿತ ಉತ್ತರ ಬಂದಿಲ್ಲ.